ಫುನಾಫುಟಿಗೆ ಹೋಗುವವರಿಗೆ: ಪುಟ್ಟ ದ್ವೀಪದಲ್ಲಿ ಕೆಲವು ದಿನ ಇದ್ದು ಕಲಿತದ್ದು

ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ ಟುವಾಲುಗೆ ಹೋಗುವ ಯೋಚನೆ ಇದ್ದರೆ ಮೊದಲು ವಾಪಸ್ ಬರುವ ದಿನದ ಲೆಕ್ಕ ಹಾಕಿ. ಹೋಗುವ ದಿನ ಆಮೇಲೆ ನೋಡಿಕೊಳ್ಳಬಹುದು.

ಯಾಕೆ ಅಂದರೆ, ರಾಜಧಾನಿ ಫುನಾಫುಟಿಗೆ ವಿಮಾನ ಬರುವುದು ಮುಖ್ಯವಾಗಿ ಫಿಜಿ ದೇಶದ ಸುವಾದಿಂದ. ವಾರಕ್ಕೆ ಎರಡು ಮೂರು ಸಲ ಅಷ್ಟೇ. ಪಂಖ ಇರುವ ಸಣ್ಣ ಎಟಿಆರ್ ವಿಮಾನ, ಸುಮಾರು ಎರಡೂವರೆ ಗಂಟೆ ದಾರಿ. ಒಂದು ತಪ್ಪಿದರೆ ಮುಂದಿನದು ಎರಡು ಮೂರು ದಿನ ಬಿಟ್ಟು. 2024ರ ಜುಲೈಯಲ್ಲಿ ನಾನು ಮತ್ತು ನನ್ನ ಗಂಡ ಐದು ದಿನಕ್ಕೆಂದು ಹೋದವರು ಏಳು ದಿನ ಇದ್ದು ಬಂದೆವು. ಹೊರಡುವ ದಿನ ಬೆಳಗ್ಗೆಯಿಂದಲೇ ಮಳೆ ಸುರಿಯಿತು, ಮೋಡ ನೆಲಕ್ಕೆ ತಾಗುವಷ್ಟು ಇಳಿದಿತ್ತು, ಬರಬೇಕಾದ ವಿಮಾನ ಬರಲಿಲ್ಲ. ಅದರ ಹಿಂದೆಯೇ ಫಿಜಿಯ ನಾಡಿ ಊರಿನಿಂದ ಬ್ರಿಸ್ಬೇನ್‌ಗೆ ನಾವು ಇಟ್ಟುಕೊಂಡಿದ್ದ ಟಿಕೆಟ್ ಕೂಡ ಹೋಯಿತು. ಆ ದುಡ್ಡು ವಾಪಸ್ ಬರಲಿಲ್ಲ, ಯಾಕೆಂದರೆ ಎರಡನ್ನೂ ಬೇರೆ ಬೇರೆಯಾಗಿ ಬುಕ್ ಮಾಡಿದ್ದೆವು. ಹಾಗಾಗಿ ಫುನಾಫುಟಿಯಿಂದ ಬರುವ ದಿನಕ್ಕೂ ಫಿಜಿಯಿಂದ ಮನೆಗೆ ಹೊರಡುವ ದಿನಕ್ಕೂ ನಡುವೆ ಕಡಿಮೆ ಅಂದರೆ ಮೂರು ದಿನ ಬಿಡಿ. ಆ ಮೂರು ದಿನ ಫಿಜಿಯಲ್ಲಿ ತಿರುಗಾಡಿದರಾಯಿತು, ಅಲ್ಲಿ ನೋಡಲು ಬೇಕಾದಷ್ಟಿದೆ. ಆಫೀಸಿನಲ್ಲಿ ರಜೆ ಕೇಳುವಾಗಲೂ ಈ ಮೂರು ದಿನ ಸೇರಿಸಿಯೇ ಕೇಳಿ.

ಬೆಂಗಳೂರಿನಿಂದ ಹೊರಡುವವರಿಗೆ ಸಿಂಗಪುರದ ದಾರಿ ಅನುಕೂಲ, ಅಲ್ಲಿಂದ ನಾಡಿಗೆ ನೇರ ವಿಮಾನ ಇದೆ. ನಾವು ಬ್ರಿಸ್ಬೇನ್‌ನಲ್ಲಿ ಇರುವುದರಿಂದ ನಾಡಿ ತಲುಪುವುದು ಸುಲಭವಾಯಿತು. ಆದರೆ ಎಲ್ಲರೂ ಎಡವುವ ಜಾಗ ಒಂದಿದೆ. ಫಿಜಿಯ ದೊಡ್ಡ ವಿಮಾನ ನಿಲ್ದಾಣ ನಾಡಿಯಲ್ಲಿದೆ, ದ್ವೀಪದ ಪಶ್ಚಿಮಕ್ಕೆ. ಟುವಾಲು ವಿಮಾನ ಹೊರಡುವುದು ಪೂರ್ವದಲ್ಲಿರುವ ಸುವಾ ಹತ್ತಿರದ ನೌಸೋರಿಯಿಂದ. ನಡುವೆ ಬಸ್ಸಿನಲ್ಲಿ ನಾಲ್ಕೈದು ಗಂಟೆ, ಇಲ್ಲವೇ ಅರ್ಧ ಗಂಟೆಯ ಒಳನಾಡು ವಿಮಾನ. ಒಂದೇ ದಿನದಲ್ಲಿ ಎರಡನ್ನೂ ಮುಗಿಸುತ್ತೇನೆ ಅಂತ ಹೊರಡಬೇಡಿ, ಸುವಾದಲ್ಲಿ ಒಂದು ರಾತ್ರಿ ಇರಲೇಬೇಕು. ವೀಸಾ ನಿಯಮ ಎರಡು ದೇಶದ್ದೂ ನೋಡಿಕೊಳ್ಳಿ, ಯಾಕೆಂದರೆ ಹೋಗುವಾಗಲೂ ಬರುವಾಗಲೂ ನೀವು ಫಿಜಿಯ ಒಳಗೆ ಕಾಲಿಡುತ್ತೀರಿ. ವಾಪಸ್ ಟಿಕೆಟ್ಟಿನ ಪ್ರತಿ ಮತ್ತು ಉಳಿದುಕೊಳ್ಳುವ ಜಾಗದ ವಿಳಾಸವನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಳ್ಳಿ.

ಸುವಾದ ಆ ಒಂದು ದಿನ ಸುಮ್ನೆ ಕಳೆಯುವ ದಿನ ಅಲ್ಲ. ಅಲ್ಲಿಯೇ ಸಾಮಾನು ಕೊಳ್ಳಬೇಕು. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕಬ್ಬಿನ ಗದ್ದೆ ಕೆಲಸಕ್ಕೆಂದು ಹಡಗುಗಳಲ್ಲಿ ಫಿಜಿಗೆ ಒಯ್ದರು, ಗಿರ್ಮಿಟ್ ಅಂತ ಕರೆಯುವ ಆ ಒಪ್ಪಂದದ ಮೇಲೆ. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ಅಲ್ಲಿ ಅಂಗಡಿ ಇಟ್ಟಿದ್ದಾರೆ, ಬಸ್ ಓಡಿಸುತ್ತಾರೆ, ಅವರದೇ ಆದ ಹಿಂದಿ ಮಾತಾಡುತ್ತಾರೆ. ನಮ್ಮ ಅರೆಬರೆ ಹಿಂದಿಯೂ ನಡೆಯುತ್ತದೆ. ತೊಗರಿಬೇಳೆ, ಸಾಸಿವೆ, ಜೀರಿಗೆ, ಅಕ್ಕಿ, ಉಪ್ಪಿನಕಾಯಿ ಎಲ್ಲ ಸುವಾದಲ್ಲಿ ಸಿಗುತ್ತದೆ. ಸಸ್ಯಾಹಾರಿಗಳು ಇಲ್ಲಿ ಐದು ದಿನದ ಊಟಕ್ಕೆ ಎಂಟು ದಿನದ ಸಾಮಾನು ಕೊಳ್ಳಬೇಕು. ಬ್ಯಾಗಿನ ತೂಕದ ಮಿತಿ ಸಣ್ಣ ವಿಮಾನದಲ್ಲಿ ಕಡಿಮೆ ಇರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ನಾನು ಬಟ್ಟೆ ಕಡಿಮೆ ಮಾಡಿ ಬೇಳೆ ಜಾಸ್ತಿ ಒಯ್ದೆ, ಅದು ಸರಿಯಾದ ನಿರ್ಧಾರವೇ ಆಗಿತ್ತು.

ಮನೆಯಿಂದ ಹಣ್ಣು, ತರಕಾರಿ, ಬೀಜ, ಹಾಲಿನ ಪದಾರ್ಥ ಒಯ್ಯಬೇಡಿ. ದ್ವೀಪಗಳಿಗೆ ಹೊರಗಿನ ಕೀಟ, ರೋಗ ಬಂದರೆ ಅವರ ತೋಟವೇ ಹೋಗುತ್ತದೆ, ಅದಕ್ಕೇ ತಪಾಸಣೆ ಬಿಗಿ. ಪ್ಯಾಕೆಟ್ ಒಡೆಯದ ಪುಡಿ, ಅವಲಕ್ಕಿ ಇದ್ದರೂ ಫಾರಂನಲ್ಲಿ ಬರೆದು ತೋರಿಸಿ. ನನ್ನ ಚಟ್ನಿಪುಡಿಯ ಡಬ್ಬಿ ತೆಗೆದು ನೋಡಿ, ಏನು ಅಂತ ಕೇಳಿ ಬಿಟ್ಟರು.

ದುಡ್ಡು

ಟುವಾಲುವಿನಲ್ಲಿ ನಡೆಯುವುದು ಆಸ್ಟ್ರೇಲಿಯಾದ ಡಾಲರ್. ನಾಣ್ಯ ಮಾತ್ರ ಅವರದೇ ಇದೆ. ನಾವು ಹೋದಾಗ ಇಡೀ ದೇಶದಲ್ಲಿ ಒಂದೂ ಎಟಿಎಂ ಇರಲಿಲ್ಲ. ಮೊದಲ ಎಟಿಎಂ ಶುರುವಾಗಿದ್ದು 2025ರ ಏಪ್ರಿಲ್‌ನಲ್ಲಿ, ಇಡೀ ಊರಿಗೇ ಹಬ್ಬದಂತೆ ಕೇಕ್ ಕತ್ತರಿಸಿ ಆಚರಿಸಿದರು. ಹಾಗಂತ ನಿಮ್ಮ ಕಾರ್ಡ್ ನಂಬಿಕೊಂಡು ಹೋಗಬೇಡಿ. ಉಳಿಯುವ ಮನೆ, ಊಟ, ಬೈಕು, ದೋಣಿ, ಎಲ್ಲದರ ಲೆಕ್ಕ ಹಾಕಿ, ಅದರ ಮೇಲೆ ಇನ್ನೂ ಮೂರು ದಿನದ ಖರ್ಚು ಸೇರಿಸಿ ನಗದು ತೆಗೆದುಕೊಂಡು ಹೋಗಿ. ನಾವು ಐದು ದಿನಕ್ಕೆ ಸರಿಯಾಗಿ ಎಣಿಸಿ ಒಯ್ದಿದ್ದೆವು. ಆರನೇ ದಿನ ಕೈಯಲ್ಲಿ ಉಳಿದಿದ್ದು ನಲವತ್ತು ಡಾಲರ್. ಮನೆಯ ಯಜಮಾನಿ ಉಳಿದ ದುಡ್ಡನ್ನು ಆಮೇಲೆ ಬ್ಯಾಂಕಿಗೆ ಕಳಿಸಿ ಅಂದರು, ಕಳಿಸಿದೆವು. ಆದರೆ ಅವರನ್ನು ಆ ಸ್ಥಿತಿಗೆ ತಂದದ್ದು ನನಗೆ ಇವತ್ತಿಗೂ ಮುಜುಗರ. ನೋಟುಗಳು ಐದು, ಹತ್ತು, ಇಪ್ಪತ್ತರದ್ದು ಇರಲಿ. ನೂರರ ನೋಟು ಕೊಟ್ಟರೆ ಅಂಗಡಿಯವರಿಗೆ ಚಿಲ್ಲರೆ ಕೊಡುವುದು ಕಷ್ಟ.

ಇನ್ನು ಇಂಟರ್ನೆಟ್. ಡಾಟ್ ಟಿವಿ ಅಂತ ಕೊನೆಯಾಗುವ ವೆಬ್ ವಿಳಾಸಗಳನ್ನು ನೀವು ನೋಡಿರುತ್ತೀರಿ, ಆ ಎರಡು ಅಕ್ಷರ ಈ ದೇಶದ್ದು. ಅದರ ಹಕ್ಕಿನಿಂದ ಸರ್ಕಾರಕ್ಕೆ ಒಳ್ಳೆ ಆದಾಯ ಬರುತ್ತದೆ. ಆದರೆ ನಮಗೆ ಸಿಕ್ಕ ಸಂಪರ್ಕ ನಿಧಾನ, ದುಬಾರಿ ಕೂಡ. ನಕ್ಷೆ, ಟಿಕೆಟ್, ವಿಮೆಯ ಕಾಗದ ಎಲ್ಲ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಮನೆಯವರಿಗೆ "ಒಂದು ವಾರ ಫೋನ್ ಬರದಿದ್ದರೆ ಗಾಬರಿ ಆಗಬೇಡಿ" ಅಂತ ಹೇಳಿ ಹೊರಡಿ. ಪುತ್ತೂರಿನಲ್ಲಿರುವ ನನ್ನ ಅಮ್ಮನಿಗೆ ಇದನ್ನು ಹೇಳಲು ಮರೆತು, ಆರನೇ ದಿನ ಅವರು ನನ್ನ ತಮ್ಮನಿಗೆ ಹತ್ತು ಸಲ ಫೋನ್ ಮಾಡಿದ್ದರಂತೆ. ಭಾರತಕ್ಕಿಂತ ಆರೂವರೆ ಗಂಟೆ ಮುಂದೆ ಅಲ್ಲಿನ ಸಮಯ. ಪ್ಲಗ್ಗು ಆಸ್ಟ್ರೇಲಿಯಾದ ಓರೆ ಕಡ್ಡಿಯದು, ಅಡಾಪ್ಟರ್ ಬೇಕು.

ನೀರು

ಇದನ್ನೇ ಎಲ್ಲಕ್ಕಿಂತ ಮೊದಲು ಬರೆಯಬೇಕಿತ್ತು. ಫುನಾಫುಟಿಯಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ, ಬೆಟ್ಟ ಇಲ್ಲ. ಹವಳದ ಪುಡಿ, ಮರಳು ಸೇರಿ ಆದ ನೆಲ, ಉಂಗುರದ ಹಾಗೆ ಸುತ್ತಿಕೊಂಡ ಪುಟ್ಟ ಪುಟ್ಟ ತುಂಡುಗಳು, ನಡುವೆ ಸುಮಾರು 275 ಚದರ ಕಿಲೋಮೀಟರ್ ಸಮುದ್ರದ ಹಿನ್ನೀರು. ಆ ಉಂಗುರದ ಒಣ ನೆಲ ಎಲ್ಲ ಕೂಡಿದರೂ ಎರಡೂವರೆ ಚದರ ಕಿಲೋಮೀಟರ್ ಆಗುವುದಿಲ್ಲ. ಜನ ಇರುವುದು ಫೊಂಗಾಫಾಲೆ ಅನ್ನುವ ಉದ್ದನೆಯ ತುಂಡಿನಲ್ಲಿ. ಕೆಲವು ಕಡೆ ರಸ್ತೆಯಲ್ಲಿ ನಿಂತರೆ ಎಡಕ್ಕೆ ಹಿನ್ನೀರು, ಬಲಕ್ಕೆ ಮಹಾಸಾಗರ, ನಡುವೆ ನೀವು. ಇಂತಹ ನೆಲದಲ್ಲಿ ಈಗ ಬಾವಿ ತೋಡಿದರೆ ಬರುವುದು ಹೆಚ್ಚಾಗಿ ಉಪ್ಪು ಬೆರೆತ ನೀರು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಜನ ನಂಬಿರುವುದು ಮಳೆ ನೀರನ್ನೇ. ತಗಡಿನ ಮಾಡು, ಅದರಂಚಿಗೆ ದೋಣಿ ಕೊಳವೆ, ಕೆಳಗೆ ಟ್ಯಾಂಕ್.

ನಾವಿದ್ದ ಮನೆಯ ಯಜಮಾನಿ ಮೊದಲ ದಿನವೇ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಟ್ಯಾಂಕಿನ ಮೈಯನ್ನು ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಗೆ ತಟ್ಟುತ್ತಾ ಬಂದರು. ಮೇಲೆ ಟೊಳ್ಳು ಸದ್ದು. ನನ್ನ ಸೊಂಟದ ಹತ್ತಿರ ಬಂದಾಗ ಸದ್ದು ದಪ್ಪವಾಯಿತು. "ಇಲ್ಲಿಂದ ಕೆಳಗೆ ನೀರು" ಅಂದರು. ಅಷ್ಟೇ ಹೇಳಿದ್ದು. ಮಿತವಾಗಿ ಬಳಸಿ ಅಂತ ಕೂಡ ಹೇಳಲಿಲ್ಲ. ಆಮೇಲೆ ನಾನು ದಿನಾ ಬೆಳಗ್ಗೆ ತಟ್ಟಿ ನೋಡುತ್ತಿದ್ದೆ, ನೀವೂ ಹಾಗೇ ಮಾಡಿ. ಕಣ್ಣಿಗೆ ಕಾಣದ ನೀರು ಎಷ್ಟು ಬೇಗ ಇಳಿಯುತ್ತದೆ ಅನ್ನುವುದು ಗೊತ್ತಾಗಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. 2011ರಲ್ಲಿ ಮಳೆ ಬಾರದೆ ಸರ್ಕಾರ ತುರ್ತು ಸ್ಥಿತಿ ಘೋಷಿಸಿತ್ತು, ಒಂದು ಮನೆಗೆ ದಿನಕ್ಕೆ ಎರಡು ಬಕೆಟ್ ನೀರು ಅಂತ ಅಳೆದು ಕೊಡುವ ಮಟ್ಟಕ್ಕೆ ಬಂದಿತ್ತು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳನ್ನು ವಿಮಾನದಲ್ಲಿ ತರಿಸಬೇಕಾಯಿತು. ಆ ದಿನಗಳನ್ನು ನೆನಪಿಟ್ಟುಕೊಂಡವರ ಮನೆಯಲ್ಲಿ ನೀವು ಅತಿಥಿ.

ಹಾಗಾಗಿ ಷವರ್ ಇದ್ದರೂ ಬಕೆಟ್ ಕೇಳಿ. ಅರ್ಧ ಬಕೆಟ್ಟಿನಲ್ಲಿ ಸ್ನಾನ ಮಾಡುವುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ? ಚೊಂಬು ಹಿಡಿದು ಬೆಳೆದವರು ನಾವು. ಬಟ್ಟೆಯನ್ನು ಐದು ದಿನಕ್ಕೆ ಒಗೆಯದೇ ಸಾಗುವಷ್ಟು ಒಯ್ಯಿರಿ. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಿ. ಕುಡಿಯುವ ನೀರು ಕುದಿಸಿಯೇ ಕುಡಿಯಿರಿ. ಬಾಟಲಿ ನೀರು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಖಾಲಿ ಬಾಟಲಿ ಅಲ್ಲಿಯೇ ಉಳಿಯುತ್ತದೆ ಅನ್ನುವುದು ನೆನಪಿರಲಿ.

ಬಾಟಲಿ ಮಾತು ಬಂದಿದ್ದರಿಂದ ಕಸದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಡಬ್ಬಿ, ಪ್ಲಾಸ್ಟಿಕ್, ಬ್ಯಾಟರಿ, ಯಾವುದು ಹಡಗಿನಲ್ಲೋ ವಿಮಾನದಲ್ಲೋ ಬಂತೋ ಅದು ತಾನಾಗಿ ವಾಪಸ್ ಹೋಗುವುದಿಲ್ಲ. ಫೊಂಗಾಫಾಲೆಯ ಉತ್ತರದ ತುದಿಗೆ ಹೋದರೆ ಊರಿನ ಕಸ ರಾಶಿ ಬಿದ್ದಿರುವುದು ಕಾಣುತ್ತದೆ, ಅದರ ಎರಡೂ ಬದಿಗೆ ಸಮುದ್ರ. ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಿಮ್ಮ ಸೂಟ್‌ಕೇಸಿನಲ್ಲಿ ಒಂದು ಗಟ್ಟಿ ಚೀಲ ಇಟ್ಟುಕೊಳ್ಳಿ. ನೀವು ತಂದ ಪ್ಯಾಕೆಟ್ಟು, ಬಾಟಲಿ ಎಲ್ಲ ತೊಳೆದು ಒಣಗಿಸಿ ಅದರಲ್ಲೇ ಹಾಕಿ ವಾಪಸ್ ತನ್ನಿ. ಸಾಮಾನು ತಿಂದು ಖಾಲಿಯಾದ ಜಾಗ ಅದಕ್ಕೆ ಸಾಕು.

ಊಟ

ಮೀನು ತಿನ್ನುವವರಿಗೆ ಚಿಂತೆಯೇ ಇಲ್ಲ. ಸಂಜೆ ದೋಣಿ ಬಂದಾಗ ಸಿಗುವ ಟ್ಯೂನಾ ತುಂಬಾ ತಾಜಾ. ಉಳಿದಂತೆ ಅಕ್ಕಿ, ಹಿಟ್ಟು, ಸಕ್ಕರೆ, ಡಬ್ಬಿಯ ಮಾಂಸ, ಕೋಳಿ ಎಲ್ಲ ಹೊರಗಿನಿಂದ ಬರಬೇಕು. ಹಡಗು ತಡವಾದರೆ ಅಂಗಡಿಯ ಕಪಾಟು ಖಾಲಿ. ನಾವು ಹೋದ ವಾರ ಈರುಳ್ಳಿ ಇರಲಿಲ್ಲ. ಇದ್ದ ಕೊನೆಯ ನಾಲ್ಕು ಮೊಟ್ಟೆ ಕಂಡು ನನ್ನ ಗಂಡ ಎಲ್ಲವನ್ನೂ ತೆಗೆದುಕೊಂಡರು, ಹಿಂದೆ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಆಮೇಲೆ ಎರಡು ವಾಪಸ್ ಇಟ್ಟೆವು. ಕಪಾಟಿನಲ್ಲಿ ಏನಾದರೂ ಕೊನೆಯದು ಕಂಡರೆ ಬಿಟ್ಟುಬಿಡಿ, ನೀವು ವಾರದಲ್ಲಿ ಹೊರಟು ಹೋಗುವವರು.

ತರಕಾರಿ ಬೇಕಾದರೆ ಏರ್‌ಸ್ಟ್ರಿಪ್ ಉತ್ತರಕ್ಕೆ ತೈವಾನಿನವರು ನಡೆಸುವ ತೋಟ ಇದೆ. ಟುವಾಲು ತೈವಾನನ್ನು ದೇಶವೆಂದು ಒಪ್ಪಿಕೊಂಡಿರುವ ಕೆಲವೇ ದೇಶಗಳಲ್ಲಿ ಒಂದು, ಆ ಸ್ನೇಹದ ಫಲ ಈ ತೋಟ. ಹವಳದ ನೆಲದಲ್ಲಿ ತರಕಾರಿ ಸರಿಯಾಗಿ ಬೆಳೆಯುವುದಿಲ್ಲ, ಅದಕ್ಕೆ ಎಲೆ, ಕಡ್ಡಿ, ಹಂದಿ ಗೊಬ್ಬರ ಕೊಳೆಸಿ ಮಣ್ಣನ್ನೇ ತಯಾರು ಮಾಡಿಕೊಂಡು ಸೊಪ್ಪು, ಸೌತೆ ಬೆಳೆಯುತ್ತಾರೆ. ಮಾರುವ ದಿನ ಬೆಳಗ್ಗೆ ಬೇಗ ಸಾಲು ನಿಲ್ಲುತ್ತದೆ, ಯಾವ ದಿನ ಅಂತ ಉಳಿದುಕೊಂಡ ಮನೆಯವರನ್ನು ಕೇಳಿ.

ನಮ್ಮ ಕರಾವಳಿಯವರಿಗೆ ಅಲ್ಲಿನ ಅಡುಗೆಮನೆ ಅಷ್ಟೇನೂ ಅಪರಿಚಿತ ಅಲ್ಲ, ಇದು ನನಗೆ ತುಂಬಾ ಖುಷಿ ಕೊಟ್ಟ ವಿಷಯ. ರಸ್ತೆ ಬದಿಯ ಮರದಲ್ಲಿ ಜೀಗುಜ್ಜೆ ತೂಗುತ್ತಿತ್ತು! ಅವರು ಅದನ್ನು ಕೆಂಡದಲ್ಲಿ ಸುಟ್ಟು, ತೆಂಗಿನ ಹಾಲಿನ ಜೊತೆ ತಿನ್ನುತ್ತಾರೆ. ಪುಲಾಕಾ ಅಂತ ಇನ್ನೊಂದು ಗೆಡ್ಡೆ, ನಮ್ಮ ಕೆಸುವಿನ ದೊಡ್ಡಣ್ಣನ ಹಾಗೆ, ಎಲೆ ಆಳೆತ್ತರ. ಅದನ್ನು ಬೆಳೆಯಲು ನೆಲವನ್ನು ಸಿಹಿನೀರು ಸಿಗುವವರೆಗೆ ಅಗೆದು ಹೊಂಡ ಮಾಡುತ್ತಾರೆ, ತಲೆಮಾರುಗಳಿಂದ ಎಲೆಗೊಬ್ಬರ ಹಾಕಿ ಕಾಪಾಡಿಕೊಂಡ ಹೊಂಡಗಳವು. ಈಗ ಕೆಳಗಿನಿಂದ ಉಪ್ಪುನೀರು ನುಗ್ಗಿ ಎಷ್ಟೋ ಹೊಂಡ ಹಾಳಾಗಿವೆ. ಯಾರಾದರೂ ನಿಮಗೆ ಪುಲಾಕಾ ಬಡಿಸಿದರೆ ಅದು ಸಾಮಾನ್ಯ ಊಟ ಅಲ್ಲ, ತಟ್ಟೆಯಲ್ಲಿ ಬಿಡಬೇಡಿ. ತೆಂಗಿನ ಹೊಂಬಾಳೆ ಕೊಯ್ದು ಇಳಿಸುವ ಕಲೆವೆ ಕುಡಿದರೆ ನೀರಾ ನೆನಪಾಗುತ್ತದೆ. ಬೆಳಗ್ಗೆ ಇಳಿಸಿದ್ದನ್ನು ಬೆಳಗ್ಗೆಯೇ ಕುಡಿಯಿರಿ.

ನಾನು ಒಂದು ಸಂಜೆ ಅವರ ಜೀಗುಜ್ಜೆಯಿಂದ ನಮ್ಮ ಪಲ್ಯ ಮಾಡಿದೆ, ಸುವಾದಿಂದ ಒಯ್ದ ಸಾಸಿವೆ, ಒಣಮೆಣಸು, ಅಲ್ಲಿನದೇ ತೆಂಗಿನಕಾಯಿ. ಯಜಮಾನಿಯ ಅತ್ತೆ, ಎಂಬತ್ತು ದಾಟಿದ ಅಜ್ಜಿ, ಎರಡನೇ ಸಲ ಹಾಕಿಸಿಕೊಂಡರು. ಹೋಗುವಾಗ ಏನು ಉಡುಗೊರೆ ಒಯ್ಯಲಿ ಅಂತ ಕೇಳುವವರಿಗೆ ನನ್ನ ಉತ್ತರ ಇದೇ: ಚಾಕೊಲೇಟ್ ಬೇಡ, ಅಡುಗೆಗೆ ಬೇಕಾದ್ದು ಒಯ್ಯಿರಿ, ಅಡುಗೆ ಮಾಡಿಕೊಡಿ.

ನಡೆ ನುಡಿ

ಎದುರಿಗೆ ಸಿಕ್ಕವರಿಗೆ "ತಾಲೋಫಾ" ಅನ್ನಿ. ಕೊಟ್ಟವರಿಗೆ "ಫಾಕಾಫೆತಾಯ್". ಕೂತವರ ಮುಂದೆ ಹಾದು ಹೋಗಬೇಕಾದರೆ ತುಸು ಬಗ್ಗಿ "ತುಲೋ" ಅಂತ ಹೇಳಿ ಹೋಗಿ. ಮನೇಯಾಪಾ ಅಂತ ಊರಿನ ಚಾವಡಿ ಇರುತ್ತದೆ, ಗೋಡೆ ಇಲ್ಲದ ದೊಡ್ಡ ಮಾಡು, ಕೆಳಗೆ ಕೇದಗೆ ಜಾತಿಯ ಗಿಡದ ಗರಿಯಿಂದ ಹೆಣೆದ ಚಾಪೆ. ಅಲ್ಲಿ ಚಪ್ಪಲಿ ಹೊರಗೆ ಬಿಟ್ಟು ಚಕ್ಕಳಮಕ್ಕಳ ಹಾಕಿ ಕೂರಬೇಕು, ಹಿರಿಯರ ಕಡೆ ಕಾಲು ಚಾಚಬಾರದು. ನಮಗೆ ಇದೆಲ್ಲ ಮನೆಯಲ್ಲೇ ಕಲಿತದ್ದು. ಸಂಜೆ ಫಾತೆಲೆ ಕುಣಿತ ಇದ್ದರೆ ತಪ್ಪಿಸಬೇಡಿ. ಮರದ ಪೆಟ್ಟಿಗೆಯನ್ನು ನಡುವೆ ಇಟ್ಟು ಸುತ್ತ ಕೂತ ಗಂಡಸರು ಅಂಗೈಯಿಂದ ಬಡಿಯುತ್ತಾರೆ, ಹಾಡು ನಿಧಾನವಾಗಿ ಶುರುವಾಗಿ ವೇಗ ಏರುತ್ತಾ ಏರುತ್ತಾ ಹೋಗಿ ಒಂದೇ ಏಟಿಗೆ ನಿಲ್ಲುತ್ತದೆ. ಫೋನ್ ಒಳಗಿಟ್ಟು ನೋಡಿ, ಮೊದಲ ಹಾಡಾದರೂ.

ಭಾನುವಾರ ಊರು ಪೂರ್ತಿ ಚರ್ಚಿಗೆ. ಅಂಗಡಿ ಮುಚ್ಚಿರುತ್ತದೆ, ದೋಣಿ ಸಿಗುವುದಿಲ್ಲ, ಈಜು, ಆಟ ಬೇಡ. ಶನಿವಾರವೇ ಬೇಕಾದ್ದು ತಂದಿಟ್ಟುಕೊಳ್ಳಿ. ಚರ್ಚಿಗೆ ಹೋದರೆ ಸ್ವಾಗತವೇ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ನಾನು ಹೋಗಿದ್ದೆ. ಭಾಷೆ ಒಂದಕ್ಷರ ತಿಳಿಯಲಿಲ್ಲ, ಆದರೆ ವಾದ್ಯ ಇಲ್ಲದೆ ನಾಲ್ಕು ದನಿ ಸೇರಿಸಿ ಅವರು ಹಾಡಿದ್ದು ಇನ್ನೂ ಕಿವಿಯಲ್ಲಿದೆ. ಉಳಿದ ದಿನಗಳಲ್ಲೂ ಹೆಂಗಸರು ಈಜುಡುಗೆಯಲ್ಲಿ ಓಡಾಡುವುದು ಸರಿಯಲ್ಲ, ಟೀ ಶರ್ಟು, ಉದ್ದನೆ ಚಡ್ಡಿ ಹಾಕಿಯೇ ಅಲ್ಲಿನವರು ನೀರಿಗಿಳಿಯುತ್ತಾರೆ.

ಮನೆಗಳ ಮುಂದೆ ಸಮಾಧಿ ಇರುತ್ತದೆ, ಕೆಲವಕ್ಕೆ ಸಣ್ಣ ಮಾಡು, ಹೂವು, ದೀಪ. ತಮ್ಮವರನ್ನು ಅಂಗಳದಲ್ಲೇ ಮಲಗಿಸುವುದು ಅವರ ರೂಢಿ. ಕಟ್ಟೆ ಅಂತ ತಿಳಿದು ಕೂರಬೇಡಿ, ಫೋಟೋ ತೆಗೆಯಬೇಡಿ.

ಇನ್ನೊಂದು ಮಾತು, ನನಗೆ ತುಂಬಾ ಮುಖ್ಯ ಅನಿಸಿದ್ದು. "ನಿಮ್ಮ ದೇಶ ಮುಳುಗುತ್ತಿದೆಯಂತೆ" ಅಂತ ಮಾತು ಶುರು ಮಾಡಬೇಡಿ. ಅವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ದೇಶದ ಅತಿ ಎತ್ತರದ ಜಾಗವೇ ಸಮುದ್ರಮಟ್ಟದಿಂದ ಐದು ಮೀಟರ್ ದಾಟುವುದಿಲ್ಲ. ವರ್ಷದ ಮೊದಲ ತಿಂಗಳುಗಳಲ್ಲಿ ದೊಡ್ಡ ಭರತ ಬಂದಾಗ ನೀರು ದಡ ದಾಟಿ ಬರುವುದಷ್ಟೇ ಅಲ್ಲ, ತೂತು ತೂತಾದ ಹವಳದ ನೆಲದ ಒಳಗಿನಿಂದಲೇ ಅಂಗಳಕ್ಕೆ ಉಕ್ಕುತ್ತದೆ. 2021ರಲ್ಲಿ ಅವರ ಮಂತ್ರಿ ಸೈಮನ್ ಕೋಫೆ ಮೊಣಕಾಲುದ್ದ ನೀರಿನಲ್ಲಿ ನಿಂತು ಹವಾಮಾನ ಸಮ್ಮೇಳನಕ್ಕೆ ಭಾಷಣ ಮಾಡಿದ್ದು ಜಗತ್ತೆಲ್ಲ ನೋಡಿತು. 2023ರಲ್ಲಿ ಆಸ್ಟ್ರೇಲಿಯಾದ ಜೊತೆ ಒಪ್ಪಂದವಾಗಿ, ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಲು ದಾರಿ ಆಗಿದೆ. ಅದೇ ಹೊತ್ತಿಗೆ ಸರ್ಕಾರಿ ಕಚೇರಿಗಳಿರುವ ವೈಯಾಕು ಹತ್ತಿರ ಹಿನ್ನೀರಿನಿಂದ ಮರಳೆತ್ತಿ ಏಳು ಹೆಕ್ಟೇರಿಗೂ ಜಾಸ್ತಿ ಹೊಸ ನೆಲ ಕಟ್ಟಿದ್ದಾರೆ. ಹವಳದ ಪುಡಿ ಅಲೆಗೆ ಕೊಚ್ಚಿಹೋಗುವುದೂ ಇದೆ, ಬಂದು ಕೂಡುವುದೂ ಇದೆ. 1972ರ ಅಕ್ಟೋಬರಿನಲ್ಲಿ ಬೆಬೆ ಚಂಡಮಾರುತ ಊರನ್ನು ನೆಲಸಮ ಮಾಡಿದ ಹೊತ್ತಿನಲ್ಲೇ ಸಾಗರದ ಬದಿಗೆ ಹವಳದ ಕಲ್ಲಿನ ಉದ್ದನೆಯ ದಿಬ್ಬವನ್ನು ತಂದು ಎಸೆದಿತ್ತು. ಅಂದರೆ ವಿಷಯ ಒಂದು ಸಾಲಿನದ್ದಲ್ಲ. ನಾವು ಮಕ್ಕಳ ಶಾಲೆ, ಮೀನು, ಫುಟ್‌ಬಾಲ್ ಬಗ್ಗೆ ಮಾತಾಡಿದೆವು. ಮೂರನೇ ರಾತ್ರಿ ಯಜಮಾನಿ ತಾವಾಗಿಯೇ ಹೇಳಿದರು: ಮಗಳು ಹೋಗಬೇಕು ಅನ್ನುತ್ತಾಳೆ, ಅತ್ತೆ ಕದಲುವುದಿಲ್ಲ ಅನ್ನುತ್ತಾರೆ. ನಾನು ಏನೂ ಸಲಹೆ ಕೊಡಲಿಲ್ಲ. ನೀವೂ ಕೊಡಬೇಡಿ.

ಏನು ನೋಡುವುದು

ರನ್‌ವೇ. ನಿಜವಾಗಿ! 1943ರಲ್ಲಿ ಯುದ್ಧದ ಕಾಲದಲ್ಲಿ ಅಮೆರಿಕದವರು ಕಟ್ಟಿದ್ದು, ಊರಿನ ಅತ್ಯಂತ ಅಗಲದ ಜಾಗವನ್ನೇ ಅದು ನುಂಗಿದೆ. ಅದನ್ನು ಕಟ್ಟಲು ಅಗೆದ ದೊಡ್ಡ ಹೊಂಡಗಳು ಎಪ್ಪತ್ತು ವರ್ಷ ಹಾಗೇ ಇದ್ದು, 2015ರಲ್ಲಿ ನ್ಯೂಜಿಲೆಂಡ್ ನೆರವಿನಿಂದ ತುಂಬಿದವು. ವಿಮಾನ ಇಲ್ಲದ ಹೊತ್ತಿನಲ್ಲಿ ರನ್‌ವೇ ಊರಿನ ಮೈದಾನ. ಸಂಜೆ ಐದಾದರೆ ಸಾಕು, ವಾಲಿಬಾಲ್, ಫುಟ್‌ಬಾಲ್, ರಗ್ಬಿ, ಬೈಕ್ ಕಲಿಯುವ ಹುಡುಗರು, ಮಗು ನಡೆಸುವ ಅಜ್ಜಂದಿರು. ಸೆಕೆಯ ರಾತ್ರಿ ಚಾಪೆ ತಂದು ಅಲ್ಲೇ ಮಲಗುವವರೂ ಇದ್ದಾರೆ. ದಿನಾ ಸಂಜೆ ಅಲ್ಲಿಗೆ ಹೋಗಿ, ಆಟಕ್ಕೆ ಕರೆದರೆ ಸೇರಿಕೊಳ್ಳಿ. ಊರಿನವರ ಪರಿಚಯ ಆಗುವುದು ಅಲ್ಲಿಯೇ.

ಒಂದು ದಿನ ಹಿನ್ನೀರಿನ ಆಚೆ ದಡದ ಸಂರಕ್ಷಿತ ಪ್ರದೇಶಕ್ಕೆ ಇಡಿ. ಸುಮಾರು 33 ಚದರ ಕಿಲೋಮೀಟರ್ ನೀರು, ಹವಳ, ಜನ ಇಲ್ಲದ ಆರು ತುಂಡು ನೆಲ. ದೋಣಿಗೆ ಊರಿನ ಕೌಪುಲೆಯಲ್ಲಿ, ಅಂದರೆ ನಮ್ಮ ಪಂಚಾಯಿತಿ ಥರದ ಕಚೇರಿಯಲ್ಲಿ, ಬಂದ ದಿನವೇ ಕೇಳಿ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ಗಾಳಿ ಜೋರಾದಾಗ ಅವಕಾಶ ಹೋಗುತ್ತದೆ. ನಾವು ಎರಡನೇ ದಿನವೇ ಹೋದೆವು, ಆಮೆ ಕಂಡೆವು. ನೆರಳು ಕಡಿಮೆ, ಬಿಸಿಲು ನೀರಿಂದಲೂ ಮರಳಿಂದಲೂ ಹೊಡೆಯುತ್ತದೆ. ಉದ್ದ ತೋಳಿನ ಬಟ್ಟೆ, ಟೊಪ್ಪಿ, ಕುಡಿಯುವ ನೀರು ಒಯ್ಯಿರಿ. ಹವಳದ ಮೇಲೆ ಬರಿಗಾಲಲ್ಲಿ ನಡೆಯಬೇಡಿ, ಹವಳಕ್ಕೂ ಪೆಟ್ಟು, ಕಾಲಿಗೂ ಗಾಯ. ಆ ಗಾಯ ಬೇಗ ಕೀವಾಗುತ್ತದೆ, ತಕ್ಷಣ ತೊಳೆದು ಔಷಧಿ ಹಚ್ಚಿ. ದೇಶಕ್ಕೆಲ್ಲ ಒಂದೇ ಆಸ್ಪತ್ರೆ, ದೊಡ್ಡ ತೊಂದರೆ ಆದರೆ ಫಿಜಿಗೇ ಕರೆದೊಯ್ಯಬೇಕು. ಅದಕ್ಕೆ ಆ ಖರ್ಚು ಸೇರಿರುವ ವಿಮೆ ಮಾಡಿಸಿ, ದಿನಾ ತಿನ್ನುವ ಮಾತ್ರೆ ಹತ್ತು ದಿನಕ್ಕೆ ಜಾಸ್ತಿ ಇಟ್ಟುಕೊಳ್ಳಿ. ಡೆಂಗಿ ಬರುವ ಊರು, ಸೊಳ್ಳೆಯ ಮುಲಾಮು ಮರೆಯಬೇಡಿ. ಸಾಗರದ ಬದಿಯಲ್ಲಿ ಈಜಬೇಡಿ, ಸೆಳೆತ ಜೋರು. ಹಿನ್ನೀರಿನಲ್ಲೂ ಮನೆಗಳಿಂದ ದೂರ ಹೋಗಿ ಈಜಿ.

ಚರಿತ್ರೆಯ ಆಸಕ್ತಿ ಇದ್ದರೆ ಡೇವಿಡ್ ಅನ್ನುವ ಭೂವಿಜ್ಞಾನಿ ಕೊರೆದ ತೂತು ಎಲ್ಲಿ ಅಂತ ಕೇಳಿ. ಹವಳ ದ್ವೀಪಗಳು ಮುಳುಗುತ್ತಿರುವ ಜ್ವಾಲಾಮುಖಿಗಳ ಮೇಲೆ ಬೆಳೆದವು ಅಂತ ಡಾರ್ವಿನ್ ಹೇಳಿದ್ದನ್ನು ಪರೀಕ್ಷಿಸಲು 1896ರಿಂದ 1898ರವರೆಗೆ ಇಲ್ಲಿ ನೆಲ ಕೊರೆದರು. ಸುಮಾರು 340 ಮೀಟರ್ ಇಳಿದರೂ ಜ್ವಾಲಾಮುಖಿಯ ಕಲ್ಲು ಸಿಗಲಿಲ್ಲ, ಹವಳ ಮುಗಿಯಲೇ ಇಲ್ಲ. ನೋಡಲು ಸಣ್ಣ ತೂತು ಅಷ್ಟೇ. ಅಂಚೆಚೀಟಿ ಇಷ್ಟಪಡುವವರಿಗೆ ಅದರದ್ದೇ ಕಚೇರಿ ಇದೆ. ಓಡಾಡಲು ಬೈಕ್ ಬಾಡಿಗೆಗೆ ಸಿಗುತ್ತದೆ, ಒಂದು ದಿನಕ್ಕೆ ಸಾಕು, ಉಳಿದ ದಿನ ನಡೆಯಿರಿ. ರಾತ್ರಿ ನಾಯಿಗಳ ಗುಂಪು ಇರುತ್ತದೆ, ಟಾರ್ಚ್ ಇರಲಿ.

ಹೊರಡುವ ದಿನ

ಬೆಳಗ್ಗೆ ಹೋಗಿ ಬ್ಯಾಗ್ ತೂಕ ಮಾಡಿಸಿ ಕೊಟ್ಟರೆ ಮನೆಗೆ ವಾಪಸ್ ಬರಬಹುದು, ನಿಲ್ದಾಣದಿಂದ ಎಲ್ಲವೂ ನಡೆಯುವಷ್ಟೇ ದೂರ. ವಿಮಾನ ಹತ್ತಿರ ಬಂದಾಗ ಅಗ್ನಿಶಾಮಕ ಗಾಡಿಯ ಸೈರನ್ ಕೂಗುತ್ತದೆ, ರನ್‌ವೇ ಮೇಲಿನ ಜನ, ನಾಯಿ, ಬೈಕು ಎಲ್ಲ ಬದಿಗೆ ಸರಿಯುತ್ತಾರೆ. ಆಗ ಹೊರಟರೂ ಸಮಯ ಇರುತ್ತದೆ. ಉಳಿದ ಬೇಳೆ, ಅಕ್ಕಿ ಮನೆಯವರಿಗೆ ಕೊಡಿ, ಖಾಲಿ ಡಬ್ಬಿ ಮಾತ್ರ ನೀವು ತನ್ನಿ.

ವಿಮಾನ ಬಾರದ ಆ ಎರಡು ದಿನ ನಾನು ಕಿಟಕಿಯ ಹತ್ತಿರ ಕೂತು ಟಿಕೆಟ್ ದುಡ್ಡು, ಆಫೀಸಿನ ರಜೆ ಅಂತ ಲೆಕ್ಕ ಹಾಕುತ್ತಿದ್ದೆ. ಮಳೆ ನಿಲ್ಲಲಿಲ್ಲ. ಹೊರಗೆ ಯಜಮಾನಿ ಮತ್ತು ಅವರ ಮಗಳು ನೆನೆದುಕೊಂಡೇ ಏಣಿ ಹತ್ತಿ ಮಾಡಿನ ದೋಣಿ ಕೊಳವೆಯಲ್ಲಿ ಸಿಕ್ಕಿಕೊಂಡ ಎಲೆ ತೆಗೆಯುತ್ತಿದ್ದರು. ಆಮೇಲೆ ನಾವೂ ಹೋಗಿ ಏಣಿ ಹಿಡಿದೆವು. ಏಳನೇ ದಿನ ಹೊರಡುವ ಮೊದಲು ಹಿತ್ತಿಲಿಗೆ ಹೋಗಿ ಟ್ಯಾಂಕ್ ತಟ್ಟಿದೆ. ಸೊಂಟದ ಹತ್ತಿರ ದಪ್ಪ ಸದ್ದು. ಎದೆಯ ಹತ್ತಿರವೂ ದಪ್ಪ ಸದ್ದು. ಕೈ ಎತ್ತಿ ತಲೆಯ ಮಟ್ಟದಲ್ಲಿ ತಟ್ಟಿದಾಗ ಅಲ್ಲಿ ಮೊದಲ ಸಲ ಟೊಳ್ಳು ಕೇಳಿಸಿತು.